ಧಾರವಾಡದ ಮುಸುವಗಳಿಗೆ ಒಂದು ಬಹಿರಂಗ ಪತ್ರ

ನಮ್ಮ ಓಣಿಯ ಮುಸುವಗಳೇ,

ಇಲ್ಲಿನ ಹುಣಸೆಮರ, ಹಂಚಿನ ಮಾಡು, ನೀರಿನ ಟಾಕಿ ಎಲ್ಲವೂ ನಿಮಗೆ ಗೊತ್ತು. ನಿಮ್ಮ ಹೆಸರು ಹೇಳಿಕೊಂಡು ನಾವು ಆಡಿದ ಮಾತು ಮಾತ್ರ ಗೊತ್ತಿಲ್ಲ. ಅದನ್ನು ತಿಳಿಸಲೆಂದೇ ಈ ಪತ್ರ.

1960ರ ದಶಕದ ಆರಂಭದಲ್ಲಿ ಯುಕಿಮಾರು ಸುಗಿಯಾಮಾ ಎಂಬ ಜಪಾನಿ ವಿಜ್ಞಾನಿ ಧಾರವಾಡದ ಸುತ್ತಲಿನ ಕಾಡಿನಲ್ಲಿ ನಿಮ್ಮ ಹಿರಿಯರ ಬೆನ್ನುಹತ್ತಿ ತಿರುಗಿದರು. ಹೊರಗಿನ ಗಂಡುಗಳು ಒಂದು ಹಿಂಡಿನ ಮೇಲೆ ಬಿದ್ದು ಯಜಮಾನನನ್ನು ಓಡಿಸಿದ್ದನ್ನು, ಗೆದ್ದು ಉಳಿದ ಗಂಡು ಮೊಲೆಮರಿಗಳನ್ನು ಕಚ್ಚಿ ಕೊಂದದ್ದನ್ನು ಬರೆದಿಟ್ಟರು. ಹತ್ತು ವರ್ಷದ ಬಳಿಕ ರಾಜಸ್ಥಾನದ ಅಬು ಬೆಟ್ಟದಲ್ಲಿ ನಿಮ್ಮ ಬಳಗವನ್ನು ನೋಡಿದ ಅಮೆರಿಕದ ಸಾರಾ ಹರ್ಡಿ ಇದಕ್ಕೊಂದು ಕಾರಣ ಕೊಟ್ಟರು. ಮೊಲೆಯುಣಿಸುವ ತಾಯಿ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬೇಗ ಬರುತ್ತಾಳೆ. ಹೊಸ ಯಜಮಾನನ ದರ್ಬಾರು ಹೆಚ್ಚು ದಿನದ್ದಲ್ಲ, ಅಷ್ಟರಲ್ಲಿ ಅವನಿಗೆ ತನ್ನ ಸಂತಾನ ಬೇಕು.

ಇಷ್ಟು ಓದಿ ನಮ್ಮಲ್ಲಿ ಎಷ್ಟೋ ಜನ ಪುಸ್ತಕ ಮುಚ್ಚಿಬಿಟ್ಟರು. ‘ನೋಡಿ, ಗಂಡಸಿನ ರಕ್ತದಲ್ಲೇ ಹಿಂಸೆ ಇದೆ, ಅದು ಪ್ರಕೃತಿ’ ಎಂದರು. ಇದು ನಿಮಗೂ ಅನ್ಯಾಯ, ನಮಗೂ ಅನ್ಯಾಯ. ನೀವು ನಮ್ಮ ಪೂರ್ವಜರಲ್ಲ. ಎರಡೂವರೆ ಕೋಟಿ ವರ್ಷಕ್ಕೂ ಹಿಂದೆ ಕವಲೊಡೆದ ದಾಯಾದಿಗಳು. ಒಂದು ನಡವಳಿಕೆ ಹೇಗೆ ಹುಟ್ಟಿತು ಎಂದು ತಿಳಿದ ಮಾತ್ರಕ್ಕೆ ಅದು ಸರಿ ಎಂದಾಗುವುದಿಲ್ಲ.

ಅದೇ ಅಬುವಿನಲ್ಲಿ ಹರ್ಡಿ ಇನ್ನೂ ಒಂದನ್ನು ಕಂಡಿದ್ದರು. ಮರಿಯನ್ನು ಕೊಲ್ಲಬಂದ ಗಂಡಿನ ಮೇಲೆ ಮುದಿ ಹೆಣ್ಣುಗಳು ಎರಗಿ ಹೋರಾಡಿದ್ದವು.

ಪರರ ಮರಿಗಾಗಿ ಮುಂದಾಗುವ ಆ ಗುಣದ ಮೆತ್ತಗಿನ ಮುಖವನ್ನು ನಾನು ನಮ್ಮ ಕಂಪೌಂಡಿನ ಗೋಡೆಯ ಮೇಲೆಯೇ ನೋಡಿದ್ದೇನೆ. ಹುಟ್ಟಿ ಕೆಲವೇ ದಿನದ ಕಪ್ಪು ಮರಿ. ಪಕ್ಕದ ಹೆಣ್ಣು ಕೈ ಚಾಚಿತು, ತಾಯಿ ಕೊಟ್ಟಳು. ಅಲ್ಲಿಂದ ಇನ್ನೊಂದರ ಮಡಿಲಿಗೆ. ಎಳೆಯ ಹೆಣ್ಣೊಂದು ತಲೆಕೆಳಗಾಗಿ ಹಿಡಿದಾಗ ಮರಿ ಕಿರ್ರೆಂದಿತು. ತಾಯಿ ಹುಣಸೆಚಿಗುರು ತಿನ್ನುತ್ತಿದ್ದವಳು ಎದ್ದುಬಂದು ಎತ್ತಿಕೊಂಡಳು. ಅಷ್ಟರಲ್ಲಿ ಅವಳ ಹೊಟ್ಟೆ ತುಂಬಿತ್ತು.

ನಮಗೆ ನಿಮಗಿಂತ ಹತ್ತಿರದ ನಂಟ ಚಿಂಪಾಂಜಿ. ಅದರ ತಾಯಿ ತಿಂಗಳುಗಟ್ಟಲೆ ಮರಿಯನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ಮನುಷ್ಯರ ತಾಯಿ ಕೊಡುತ್ತಾಳೆ, ಕೊಡದೆ ವಿಧಿಯಿಲ್ಲ. ನಮ್ಮ ಒಂದು ಕೂಸು ತನ್ನ ಅನ್ನ ತಾನು ದುಡಿಯುವಷ್ಟು ಬೆಳೆಯಲು ಸುಮಾರು 1.3 ಕೋಟಿ ಕ್ಯಾಲೊರಿ ಬೇಕು. ಬೇಟೆಯಾಡಿ, ಗೆಡ್ಡೆ ಅಗೆದು ಬದುಕುತ್ತಿದ್ದ ಕಾಲದಲ್ಲಿ ಒಬ್ಬಳೇ ತಾಯಿ ಅದನ್ನು ಒದಗಿಸುವುದು ಆಗದ ಮಾತು. ಅಜ್ಜಿ, ಅಕ್ಕ, ಅಪ್ಪ, ನೆರೆಯವರು ಕೈಜೋಡಿಸಿದ್ದಕ್ಕೇ ನಾವು ಉಳಿದೆವು. ಹತ್ತಾರು ಮುಖ ನೋಡಿ, ಯಾರ ಮನಸ್ಸಿನಲ್ಲಿ ಏನಿದೆ ಎಂದು ಅಳೆಯಲು ಕಲಿತ ಕೂಸೇ ಬದುಕಿತು. ಪರರ ಮನಸ್ಸು ಅರಿಯುವ ನಮ್ಮ ಗುಣಕ್ಕೆ ಬೇರು ಅಲ್ಲಿದೆ ಎಂದು 2009ರ ‘ಮದರ್ಸ್ ಅಂಡ್ ಅದರ್ಸ್’ ಪುಸ್ತಕದಲ್ಲಿ ಹರ್ಡಿ ವಾದಿಸಿದರು. ನಾನು ಅದನ್ನು ನಂಬುತ್ತೇನೆ.

ಆದರೂ ಇಂದು ನಾವು ಬಾಣಂತಿಯನ್ನು ಮೂರನೇ ಮಹಡಿಯಲ್ಲಿ ಒಂಟಿಯಾಗಿ ಕೂರಿಸಿ, ‘ತಾಯ್ತನ ಸಹಜವಾಗಿ ಬರುತ್ತದೆ’ ಎನ್ನುತ್ತೇವೆ. ಸಹಜವಾಗಿ ಬಂದದ್ದು ಒಂಟಿತನವಲ್ಲ, ಚಾಚಿದ ಕೈಗಳು.

ನಿಮ್ಮ ಗೋಡೆಯ ಪಾಠ ಕಲಿತು, ನಿನ್ನೆ ಎದುರುಮನೆಯ ಬಾಗಿಲು ತಟ್ಟಿದೆ. ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಕಿಟಕಿಯಿಂದ ನಿಮ್ಮನ್ನು ತೋರಿಸಿದೆ. ಅದರ ತಾಯಿ ಕೂತು, ಬಿಸಿ ಆರುವ ಮೊದಲೇ ಊಟ ಮುಗಿಸಿದಳು.

ಇಂತಿ,
ನಿಮ್ಮ ಓಣಿಯವಳು