ಎಲ್ಲಾ ಒಂದೇ ಮಾಲು

ಹಲಕುಂದಿಯ ಹೋಟೆಲುಗಳಲ್ಲಿ ಬೆಳಗಿನ ಒಗ್ಗರಣೆ-ಮಿರ್ಚಿಯ ಹೊತ್ತಿಗೆ ತಪ್ಪದೆ ಕಾಣಸಿಗುವ, ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳಲ್ಲಿಯೂ ಸಾಕಷ್ಟು ಹರಡಿರುವ ಒಂದು ಮನುಷ್ಯವರ್ಗವನ್ನು, ಅದರ ಏಕೈಕ ಸೂತ್ರವಾಕ್ಯದ ಆಧಾರದಿಂದ, ‘ಎಲ್ಲಾ ಒಂದೇ ಮಾಲು’ ಪಂಥವೆಂದು ಕರೆಯಬಹುದು. ಈ ಪಂಥದ ಪ್ರಕಾರ ಜಗತ್ತಿನಲ್ಲಿ ಹೊಸದಾಗಿ ಯಾರೂ ಏನನ್ನೂ ಕಂಡುಹಿಡಿದಿಲ್ಲ. ಪೇಟೆಂಟ್, ಅಂದರೆ ಒಂದು ಆವಿಷ್ಕಾರವನ್ನು ಗೊತ್ತಾದ ಅವಧಿಯವರೆಗೆ ಬೇರೆಯವರು ಬಳಸದಂತೆ ತಡೆಯಲು ಸರಕಾರ ಕೊಡುವ ಹಕ್ಕು, ಹಿತ್ತಲಿನ ಬೇವಿನ ಮರಕ್ಕೆ ಹೆಸರು ಬರೆಸಿಕೊಂಡಂಥ ವ್ಯವಹಾರ.

ಪಂಥ ಇಲ್ಲಿ ಬೇರೂರಿದ್ದಕ್ಕೆ ಕಾರಣವಿದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜಾಬ್ ವರ್ಕ್ ಎಂದು ಕರೆಯಲಾಗುವ, ಬಟ್ಟೆ ಮಾಲೀಕನದು ಹೊಲಿಗೆ ಮಾತ್ರ ತಮ್ಮದು ಎಂಬ ಪೀಸಿನ ಲೆಕ್ಕದ ಕೆಲಸದಲ್ಲಿ ಜೀನ್ಸ್ ಪ್ಯಾಂಟು ಹುಟ್ಟಿ, ವಾಷಿಂಗ್ ಯೂನಿಟ್ಟಿನಲ್ಲಿ ಬಣ್ಣ ಕಳೆದುಕೊಂಡು, ಹೆಣ್ಣುಮಕ್ಕಳ ಕೈಯಲ್ಲಿ ಹೆಚ್ಚುವರಿ ದಾರ ಕತ್ತರಿಸಿಕೊಳ್ಳುವುದನ್ನು ಕಂಡು ಬೆಳೆದವನ ಮುಂದೆ ಸೊಂಟದ ಲೇಬಲ್ ತೋರಿಸುವುದೆಂದರೆ, ಸೂಲಗಿತ್ತಿಯ ಮುಂದೆ ಕೂಸಿನ ಗತ್ತು ತೋರಿಸಿದಂತೆಯೇ.

ಯಾರಾದರೂ ದುಬಾರಿ ಜೀನ್ಸ್ ತೊಟ್ಟು ಹೋಟೆಲಿಗೆ ಬಂದರೆ, ಪಂಥದವನು ಕೆಟ್ಟ ಸ್ಪೀಕರಿನಿಂದ ಕಿತ್ತಿಟ್ಟುಕೊಂಡ ಅಯಸ್ಕಾಂತವನ್ನು ಜೇಬಿನಿಂದ ತೆಗೆದು, ಬಂದವನ ಜೇಬಿನ ಮೂಲೆಯ ರಿವಿಟ್ಟಿಗೆ, ಅಂದರೆ ಬಟ್ಟೆ ಹರಿಯದಂತೆ ಹೊಡೆದ ಲೋಹದ ಗುಂಡಿಗೆ, ಮೆಲ್ಲಗೆ ತಾಕಿಸುತ್ತಾನೆ. ಅಂಟಿತೆಂದರೆ ಅದು ತಾಮ್ರದ ಬಣ್ಣ ಬಳಿದುಕೊಂಡ ಕಬ್ಬಿಣ; ಅದಿರಿನ ನಾಡಿನಲ್ಲಿ ಇಷ್ಟು ವಿದ್ಯೆ ಯಾರಿಗಾದರೂ ಬರುತ್ತದೆ. ಅಂಟದಿದ್ದರೂ ಉಪನ್ಯಾಸ ನಿಲ್ಲುವುದಿಲ್ಲ. ಅಮೆರಿಕದ ರೆನೋ ಊರಿನ ಜೇಕಬ್ ಡೇವಿಸ್ ಎಂಬ ದರ್ಜಿ ಕೂಲಿಗಾರರ ಪ್ಯಾಂಟಿನ ಜೇಬಿಗೆ ತಾಮ್ರದ ರಿವಿಟ್ ಹೊಡೆದದ್ದು, ಪೇಟೆಂಟಿನ ಶುಲ್ಕಕ್ಕೆ ದುಡ್ಡು ಸಾಲದೆ ತನಗೆ ಬಟ್ಟೆ ಮಾರುತ್ತಿದ್ದ ಲೆವಿ ಸ್ಟ್ರಾಸನಿಗೆ ಕಾಗದ ಬರೆದದ್ದು, 1873ರ ಮೇ 20ರಂದು 139121ನೇ ನಂಬರಿನ ಪೇಟೆಂಟ್ ಸಿಕ್ಕಿದ್ದು, 17 ವರ್ಷಕ್ಕೆ ಅದರ ಅವಧಿ ತೀರಿದ್ದು, ಇವೆಲ್ಲವೂ ಈತನಿಗೆ ಕಂಠಪಾಠ. “ಹಕ್ಕು ಸತ್ತು ನೂರು ವರ್ಷದ ಮ್ಯಾಲಾತು, ನೀ ಇನ್ನೂ ತಿಥಿ ಊಟದ ರೊಕ್ಕ ಕೊಡಾಕತ್ತೀಯಲ್ಲೋ ತಮ್ಮಾ!” ಪೇಟೆಂಟ್ ಸತ್ತರೂ, ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದಾದ ಟ್ರೇಡ್‌ಮಾರ್ಕ್, ಅಂದರೆ ಹೆಸರು-ಗುರುತಿನ ಹಕ್ಕು, ಸಾಯುವುದಿಲ್ಲವೆಂದೂ, ತಾನು ರೊಕ್ಕ ಕೊಟ್ಟದ್ದು ಅದಕ್ಕೆಂದೂ ಹೇಳುವಷ್ಟು ಧೈರ್ಯ ಆ ತಮ್ಮನಿಗೆ ಇರುವುದಿಲ್ಲ.

ಮೊಬೈಲಿನ ಪ್ರಕರಣ ಇನ್ನೂ ಸುಲಭ. ಪರದೆಯ ಮೇಲೆ ಬೆರಳು ಸರಿಸಿ ಬೀಗ ತೆಗೆಯುವ ವಿಧಾನಕ್ಕೆ ಆ್ಯಪಲ್ ಪೇಟೆಂಟ್ ಪಡೆದಿತ್ತು, ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಅದನ್ನು ಅಸಿಂಧುಗೊಳಿಸಿತು. ಈತ ತೀರ್ಪು ಓದುವ ಗೋಜಿಗೆ ಹೋಗದೆ ಹೋಟೆಲಿನ ಬಾಗಿಲಿನ ಚಿಲಕದತ್ತ ಬೆರಳು ತೋರಿಸುತ್ತಾನೆ. ವಾದ ಅಲ್ಲಿಗೆ ಮುಗಿಯುತ್ತದೆ.

ಆದರೆ ಪಂಥದ ನಿಜವಾದ ಪರೀಕ್ಷೆ ನಡೆಯುವುದು ಮುಂಗಾರಿನ ಮೊದಲ ಹದಕ್ಕೆ, ಬೀಜದಂಗಡಿಯ ಕಟ್ಟೆಯ ಮೇಲೆ. ಕಾಯಿಕೊರಕ ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾದ ಜೀನನ್ನು ಸೇರಿಸಿದ ಬಿಟಿ ಹತ್ತಿ (ಬಳ್ಳಾರಿಯ ಕಿವಿಗೆ ಜೀನ್ ಎಂದರೆ ಮೊದಲು ಪ್ಯಾಂಟೇ ಕೇಳಿಸುವುದರಿಂದ, ಇಲ್ಲಿ ವಂಶವಾಹಿ ಎಂದು ಬಿಡಿಸಿ ಹೇಳಬೇಕು) ಭಾರತಕ್ಕೆ 2002ರಲ್ಲಿ ಬಂತು. ಮಾನ್ಸಾಂಟೊ ಕಂಪನಿಯ ಆ ತಂತ್ರಜ್ಞಾನವನ್ನು ಹತ್ತಾರು ಬೀಜದ ಕಂಪನಿಗಳು ಪರವಾನಗಿ ಪಡೆದು ತಮ್ಮ ತಮ್ಮ ಹೈಬ್ರಿಡ್ ತಳಿಗಳಲ್ಲಿ ಕೂಡಿಸಿ ಮಾರಿದವು. ಎರಡನೆಯ ಪೀಳಿಗೆಯ ಬೀಜದ ಪೇಟೆಂಟನ್ನು ದೆಹಲಿ ಹೈಕೋರ್ಟು 2018ರಲ್ಲಿ ತಳ್ಳಿಹಾಕಿದ್ದನ್ನು ಈತ ದಿನಾಂಕಸಮೇತ ಹೇಳುತ್ತಾನೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನೇ ರದ್ದುಪಡಿಸಿದ್ದನ್ನು ಹೇಳುವ ಹೊತ್ತಿಗೆ ಚಹಾ ಮುಗಿದಿರುತ್ತದೆ.

ಇಂಥ ಪಂಡಿತ ಅಂಗಡಿಗೆ ಬಂದು ಕೇಳುವುದು ಹೋದ ವರ್ಷದ ಅದೇ ಕಂಪನಿಯ, ಅದೇ ನಂಬರಿನ, ಅದೇ 475 ಗ್ರಾಮಿನ ಪ್ಯಾಕೆಟ್ಟು. “ಅದು ಖಾಲಿ ಆಗೈತ್ರಿ ಯಜಮಾನ್ರೇ, ಇದನ್ನ ಒಯ್ರಿ. ನೀವೇ ಅಂತೀರಲ್ಲ, ಎಲ್ಲಾ ಒಂದೇ ಮಾಲು.”

“ಜೀನ್ ಒಂದಾದ್ರ ಕಾಯಿ ಒಂದಾಗ್ತೈತೇನೋ?”

ಮಾತು ಶಾಸ್ತ್ರಸಮ್ಮತವೇ: ವಂಶವಾಹಿ ಒಂದೇ ಆದರೂ ತಳಿ ಬೇರೆ, ಇಳುವರಿ ಬೇರೆ. ಇಷ್ಟು ದಿನದ ಸೂತ್ರಕ್ಕೆ ಇದರಿಂದ ಬರುವ ಬಾಧೆಯನ್ನು ಗಮನಿಸದೆ, ಈತ ಹದ ಆರುತ್ತಿದ್ದರೂ ಎರಡು ದಿನ ಕಾದು, ಬಂದ ಪ್ಯಾಕೆಟ್ಟನ್ನು ಬಿಸಿಲಿಗೆ ಹಿಡಿದು ಕಂಪನಿಯ ಗುರುತನ್ನು ಎರಡು ಸಲ ನೋಡಿ, ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಅಯಸ್ಕಾಂತ ಆ ದಿನ ಜೇಬಿನಿಂದ ಹೊರಗೆ ಬರುವುದಿಲ್ಲ.