ಇಂಜಿನ್ ಆಯಿಲ್ ಮೀಮಾಂಸೆ: ಸ್ಥೂಲ–ಸೂಕ್ಷ್ಮ ವಿವಾದದ ಪರಾಮರ್ಶೆ

ಭಾರತೀಯ ದರ್ಶನಗಳನ್ನು ಆರೆಂದು ಲೆಕ್ಕ ಹಾಕಿ ಕೈತೊಳೆದುಕೊಂಡ ಪಂಡಿತರು ಗ್ಯಾರೇಜಿನತ್ತ ತಲೆ ಹಾಕಿದಂತಿಲ್ಲ. ಹಾಕಿದ್ದರೆ ಏಳನೆಯದು ಅಲ್ಲೇ ಸಿಗುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಊರೂರಿನ ಪಂಕ್ಚರ್ ಅಂಗಡಿಯವರೆಗೆ ಅನುಯಾಯಿಗಳನ್ನು ಹೊಂದಿರುವ ಈ ದರ್ಶನದಲ್ಲಿ ಎರಡು ಪಂಥಗಳು. ಆಯಿಲ್ ದಪ್ಪ ಇದ್ದಷ್ಟೂ ಇಂಜಿನ್ನಿಗೆ ಆಯುಷ್ಯ ಎನ್ನುವವರು ಸ್ಥೂಲವಾದಿಗಳು. ತೆಳ್ಳಗಿದ್ದಷ್ಟೂ ಮೈಲೇಜು ಎನ್ನುವವರು ಸೂಕ್ಷ್ಮವಾದಿಗಳು. ಇಬ್ಬರೂ ಓನರ್ಸ್ ಮ್ಯಾನ್ಯುಯಲ್ ಓದಿಲ್ಲ ಎಂಬುದೊಂದೇ ಉಭಯಸಮ್ಮತ ಅಂಶ.

ಸ್ಥೂಲವಾದಿಗಳಿಗೆ ಪ್ರತ್ಯಕ್ಷವೇ ಪ್ರಮಾಣ. ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆಯುತ್ತಾನೆ. ತುದಿಯ ಆಯಿಲನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಚಿರೋಟಿಗೆ ಎಳೆಪಾಕ ನೋಡುವವರ ಹಾಗೆ ಬೆರಳು ಅಗಲಿಸುತ್ತಾನೆ. ಎಳೆ ಬರುವುದಿಲ್ಲ. "ನೀರಾಗೋಗಿದೆ ಸಾರ್, ಈ ಸಲ ಟ್ವೆಂಟಿ ಫಿಫ್ಟಿ ಹಾಕೋಣ" ಎನ್ನುತ್ತಾ ಬನಿಯನ್ ವೇಸ್ಟಿಗೆ ಕೈ ಒರೆಸುತ್ತಾನೆ. ಪ್ರತ್ಯಕ್ಷ, ಅನುಮಾನ, ಶಬ್ದ, ಮೂರೂ ಪ್ರಮಾಣಗಳು ಅರ್ಧ ನಿಮಿಷದಲ್ಲಿ ಮುಗಿದವು. ಒಂದು ಸಣ್ಣ ಆಕ್ಷೇಪವಿದೆ: ಆಯಿಲ್ ದುಡಿಯುವುದು 100 ಡಿಗ್ರಿ ಆಸುಪಾಸಿನಲ್ಲಿ. ಆ ಬಿಸಿಯಲ್ಲಿ ಬೆರಳಿಟ್ಟು ಪಾಕ ನೋಡಿದ ಆಚಾರ್ಯರು ಯಾರೂ ಇಲ್ಲ.

ಇನ್ನು ಸೂತ್ರಭಾಗ. "10ಡಬ್ಲ್ಯು-30" ಎಂಬ ಸೂತ್ರ ಪಾಣಿನಿಯೂ ತಲೆದೂಗುವಷ್ಟು ಚಿಕ್ಕದು. ಕರ್ತೃ, 1905ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಸ್‌ಎಇ ಎಂಬ ಇಂಜಿನಿಯರುಗಳ ಸಂಘ. ಇಲ್ಲಿನ ಡಬ್ಲ್ಯು ಎಂದರೆ ವಿಂಟರ್. ವೆಯ್ಟ್ ಎಂದು ವ್ಯಾಖ್ಯಾನಿಸುವವರು ಅಪಪಾಠದ ಹಿಂದೆ ಬಿದ್ದವರು. ಡಬ್ಲ್ಯುವಿನ ಹಿಂದಿನ ಅಂಕಿ ಚಳಿಯ ಪರೀಕ್ಷೆಗೆ ಸಂಬಂಧಿಸಿದ್ದು: 20ಡಬ್ಲ್ಯು ಮೈನಸ್ 15 ಡಿಗ್ರಿಯಲ್ಲಿ, 10ಡಬ್ಲ್ಯು ಮೈನಸ್ 25ರಲ್ಲಿ, 0ಡಬ್ಲ್ಯು ಮೈನಸ್ 35ರಲ್ಲಿ ಇಂಜಿನ್ ತಿರುಗಲು ಬಿಡುವಷ್ಟು ಸಡಿಲವಾಗಿರಬೇಕು. ಮುಂದಿನ ಅಂಕಿ 100 ಡಿಗ್ರಿಯ ಸ್ನಿಗ್ಧತೆಯ ದರ್ಜೆ. ಆ ಬಿಸಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿದ್ದರೆ 30, 12.5ರಿಂದ 16.3ರ ಒಳಗಿದ್ದರೆ 40, ಅಲ್ಲಿಂದ 21.9ರ ಒಳಗಿದ್ದರೆ 50.

ಇಲ್ಲಿ ಸ್ಥೂಲವಾದಿ ಎದ್ದು ನಿಲ್ಲುತ್ತಾನೆ. ಬೆಂಗಳೂರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆಗ ಊರಲ್ಲಿ ಕಾರೇ ಇರಲಿಲ್ಲ. ಕಲಬುರಗಿಯವರಿಗಂತೂ ಈ ವಿಂಟರ್ ಪುರಾಣ ಯಾಕೆ? ಪ್ರಶ್ನೆ ಚೆನ್ನಾಗಿದೆ, ಉತ್ತರವೂ ಇದೆ. 20 ಡಿಗ್ರಿಯ ಬೆಳಗಿನಲ್ಲಿ ಆಯಿಲ್ ತನ್ನ 100 ಡಿಗ್ರಿಯ ರೂಪಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ದಪ್ಪವಿರುತ್ತದೆ. ಸೆಲ್ಫ್ ಒತ್ತಿದ ಮೊದಲ ಕ್ಷಣಗಳಲ್ಲಿ ಅದು ಸಂಪಿನಿಂದ ಹತ್ತಿ ತಲೆಯ ಮೇಲಿನ ಕ್ಯಾಮ್‌ಶಾಫ್ಟ್ ಮುಟ್ಟಬೇಕು, ಮುಟ್ಟುವವರೆಗೆ ಲೋಹಕ್ಕೆ ಲೋಹವೇ ಗತಿ. ಮೈನಸ್ ಡಿಗ್ರಿ ಕಾಣದ ಊರಿನಲ್ಲೂ ಡಬ್ಲ್ಯುವಿಗೆ ಕೆಲಸವಿದೆ.

ಬಿಸಿಯಾದರೆ ಮಲ್ಟಿಗ್ರೇಡ್ ಆಯಿಲ್ ದಪ್ಪವಾಗುತ್ತದೆ ಎಂಬ ಮತವೂ ಪ್ರಚಾರದಲ್ಲಿದೆ. ಹಾಗೇನಿಲ್ಲ. ಅದರಲ್ಲಿ ಬೆರೆಸಿದ ಪಾಲಿಮರ್ ಎಳೆಗಳು ಬಿಸಿಗೆ ಬಿಚ್ಚಿಕೊಳ್ಳುವುದರಿಂದ ತೆಳ್ಳಗಾಗುವುದು ಕಡಿಮೆಯಾಗುತ್ತದೆ, ಅಷ್ಟೇ. ಇದನ್ನು ಅಳೆಯಲು 1929ರಲ್ಲಿ ಡೀನ್ ಮತ್ತು ಡೇವಿಸ್ ಎಂಬಿಬ್ಬರು ಅಂಕಪದ್ಧತಿ ಮಾಡಿದರು. ಪೆನ್ಸಿಲ್ವೇನಿಯಾದ ಎಣ್ಣೆಗೆ ನೂರು, ಗಲ್ಫ್ ತೀರದ್ದಕ್ಕೆ ಸೊನ್ನೆ. ಈಗಿನ ಸಿಂಥೆಟಿಕ್ ಆಯಿಲುಗಳು ನೂರಕ್ಕೆ ನೂರೈವತ್ತು ದಾಟುತ್ತವೆ. ನಮ್ಮ ಯಾವ ಪರೀಕ್ಷಾ ಮಂಡಳಿಯೂ ಇಷ್ಟು ಧಾರಾಳವಾಗಿಲ್ಲ.

ದ್ವೈತಾದ್ವೈತ ಪ್ರಕರಣವನ್ನು ಬಿಡುವಂತಿಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು ಟು ಸ್ಟ್ರೋಕ್, ಅಂದರೆ ಅದ್ವೈತಿಗಳು: ಅಲ್ಲಿ ಆಯಿಲ್ ಪೆಟ್ರೋಲಿನಲ್ಲಿ ಐಕ್ಯವಾಗಿ, ಉರಿದು, ಹೊಗೆಯಾಗಿ ಮುಕ್ತಿ ಪಡೆಯುತ್ತಿತ್ತು. ಫೋರ್ ಸ್ಟ್ರೋಕ್ ದ್ವೈತಿ. ಆಯಿಲ್ ಬೇರೆ, ಪೆಟ್ರೋಲ್ ಬೇರೆ, ಭೇದ ನಿತ್ಯ. ಫೋರ್ ಸ್ಟ್ರೋಕ್ ಗಾಡಿಯೊಂದು ನೀಲಿ ಹೊಗೆ ಬಿಡುತ್ತಾ ಅದ್ವೈತದತ್ತ ವಾಲಿದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ನೋಡಿಸುವುದು ಲೇಸು. ದಪ್ಪ ಆಯಿಲ್ ಸುರಿದರೆ ಹೊಗೆ ಕೆಲಕಾಲ ಅಡಗೀತು, ಸವೆದ ರಿಂಗು ಬೆಳೆಯದು.

ಅತ್ಯಂತ ಗಹನವಾದದ್ದು ಜಾಸೋ, ಅಂದರೆ ಜಪಾನಿನ ವಾಹನ ಮಾನದಂಡ ಸಂಸ್ಥೆಯ ಪ್ರಕರಣ. ಒಂದೇ ಮನೆಯ ಕಾಂಪೌಂಡಿನಲ್ಲಿ ಒಂದು ಸ್ಪ್ಲೆಂಡರ್, ಒಂದು ಆಕ್ಟಿವಾ, ಒಂದು ಬುಲೆಟ್ ನಿಂತಿವೆ ಎನ್ನಿ. ಬುಲೆಟ್ 350ಕ್ಕೆ 15ಡಬ್ಲ್ಯು-50, ಅದರ ವಿಷಯ ಬೇರೆ. ಉಳಿದೆರಡಕ್ಕೂ 10ಡಬ್ಲ್ಯು-30. ಹಾಗಾದರೆ ಒಂದೇ ಬಾಟಲಿ ಸಾಕಲ್ಲ ಎಂದು ಯಜಮಾನರು ಲೆಕ್ಕ ಹಾಕುತ್ತಾರೆ. ಸಾಲದು. ಸ್ಪ್ಲೆಂಡರಿನ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಅವಕ್ಕೆ ಹಿಡಿತ ಬೇಕು, ಹಾಗಾಗಿ ಜಾಸೋ ಎಂಎ. ಆಕ್ಟಿವಾದ ಕ್ಲಚ್ ಒಣಗಿದ್ದು, ಆಯಿಲಿನಿಂದ ದೂರ. ಅದಕ್ಕೆ ಹೆಚ್ಚು ಜಾರುವ ಎಂಬಿ. ಸ್ಕೂಟರಿನ ಆಯಿಲನ್ನು, ಇಲ್ಲವೇ ಮಿಕ್ಕಿದ ಕಾರ್ ಆಯಿಲನ್ನು ಬೈಕಿಗೆ ಸುರಿದರೆ ಕ್ಲಚ್ ಸ್ಲಿಪ್ ಹೊಡೆಯುವ ಸಾಧ್ಯತೆಯಿದೆ: ಇಂಜಿನ್ ಕಿರುಚುತ್ತದೆ, ಗಾಡಿ ಏರು ಹತ್ತುವುದಿಲ್ಲ. ಸೂಕ್ಷ್ಮವಾದಿಗಳ ಪಾಪಕೃತ್ಯಗಳಲ್ಲಿ ಇದೇ ಘೋರವಾದದ್ದು. ಮೈಲೇಜಿನ ಆಸೆಗೆ ಫ್ರಿಕ್ಷನ್ ಕಡಿಮೆ ಮಾಡಹೊರಟು ಬೇಕಾದ ಫ್ರಿಕ್ಷನ್ನನ್ನೇ ಕಳೆದಿರುತ್ತಾರೆ.

ಆಯಿಲಿನ ಗುಣಮಟ್ಟಕ್ಕೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡುವ ಎಪಿಐ ಅಕ್ಷರಮಾಲೆಯನ್ನು ಬೇಗ ದಾಟಬಹುದು. ಎಸ್ ಪೆಟ್ರೋಲಿಗೆ, ಸಿ ಡೀಸೆಲಿಗೆ. ಎಸ್‌ಎಯಿಂದ ಹೊರಟು 2010ರಲ್ಲಿ ಎಸ್‌ಎನ್, 2020ರಲ್ಲಿ ಎಸ್‌ಪಿ. ನಡುವೆ ಎಸ್‌ಐ, ಎಸ್‌ಕೆ, ಎಸ್‌ಒ ಇಲ್ಲ. ಲೋಪಸಂಧಿಯಾಗಿರಬೇಕು. ಡೀಸೆಲ್ ಆಯಿಲ್ ಬೇಗ ಕಪ್ಪಾದರೆ ಕಲಬೆರಕೆ ಎಂದು ಕೂಗಾಡುವವರಿಗೊಂದು ಮಾತು: ಮಸಿಯನ್ನು ಇಂಜಿನ್ನಿಗೆ ಅಂಟಲು ಬಿಡದೆ ತಾನೇ ಹೊತ್ತು ತಿರುಗುವುದು ಆಯಿಲಿನ ಕೆಲಸ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುವ ಬಿಎಸ್6 ಡೀಸೆಲ್ ಕಾರಿಗೆ ಮಾತ್ರ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಇಲ್ಲವಾದರೆ ಫಿಲ್ಟರ್ ಕಟ್ಟಿಕೊಂಡು ಬರುವ ಬಿಲ್ಲು ವೈರಾಗ್ಯ ಹುಟ್ಟಿಸುವಷ್ಟಿರುತ್ತದೆ.

ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಗೆಲ್ಲಬೇಕೆಂಬುದು ಮೀಮಾಂಸಕರ ನಿಯಮ. ಪಕ್ಕದ ಮನೆಯವರ ಸಲಹೆ, ಅಂಗಡಿಯವರ ಶಿಫಾರಸು, ಮೆಕ್ಯಾನಿಕ್ಕಿನ ಎಳೆಪಾಕ ಎಲ್ಲವೂ ಸ್ಮೃತಿ. ಶ್ರುತಿ ಕಾರಿನ ಗ್ಲೋವ್ ಬಾಕ್ಸಿನಲ್ಲೋ ಮನೆಯ ಬೀರುವಿನಲ್ಲೋ ಪ್ಲಾಸ್ಟಿಕ್ ಕವರಿನೊಳಗೆ ಮಲಗಿದೆ. ಮುಂದಿನ ಸರ್ವಿಸಿಗೆ ಮೊದಲು ಕವರ್ ಹರಿದು, ಆಯಿಲಿನ ಪುಟ ತೆಗೆದು, ಎಸ್‌ಎಇ, ಎಪಿಐ ಮತ್ತು ಬೈಕಾದರೆ ಜಾಸೋ ಏನಿದೆಯೋ ಫೋನಿನಲ್ಲಿ ಫೋಟೊ ಹಿಡಿದುಕೊಳ್ಳಿ. ಅದನ್ನೇ ತೋರಿಸಿ ಸೀಲ್ ಇರುವ ಬಾಟಲಿ ಕೊಳ್ಳಿ. ಸೀಲನ್ನು ನಿಮ್ಮ ಕಣ್ಣೆದುರೇ ಒಡೆಸಿ.