ಒಂಬತ್ತರ ಮಗ್ಗಿ ಮತ್ತು ಕುದುರೆಯ ಜೀನು

ನಿವೃತ್ತ ಮಾಸ್ತರನಿಗೆ ಇರಬಹುದಾದ ಹುಚ್ಚುಗಳಲ್ಲಿ ಜ್ಯೋತಿಷ್ಯ, ಹೋಮಿಯೋಪತಿ, ಪ್ಲಾಟಿನ ದಲ್ಲಾಳಿತನ ಇವಿಷ್ಟನ್ನು ನಮ್ಮ ಕರಜಗಿ ಮನ್ನಿಸುತ್ತದೆ. ಆಟಿಕೆ ಕುದುರೆಗೆ ಚರ್ಮದ ಜೀನು ಹೊಲಿಯುವುದು ಆ ಪಟ್ಟಿಯಲ್ಲಿಲ್ಲ. ನಾನು ಹೊಲಿಯುತ್ತೇನೆ.

ಇದನ್ನು ಅಂಟಿಸಿದವಳು ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು. ಅಲ್ಲಿ ಬ್ರೇಯರ್ ಎಂಬ ಕಂಪನಿಯ ಪ್ಲಾಸ್ಟಿಕ್ ಕುದುರೆಗಳಿಗೆ ಭಾರೀ ಮರ್ಯಾದೆ. 1950ರಲ್ಲಿ ಗಡಿಯಾರದ ಕಂಪನಿಯೊಂದು ತನ್ನ ಗಡಿಯಾರದ ಜೊತೆ ನಿಲ್ಲಿಸಲು ಅವರಿಂದ ಕುದುರೆ ಮಾಡಿಸಿತು. ಜನ ಗಡಿಯಾರ ಬಿಟ್ಟು ಕುದುರೆ ಕೇಳಿದರು. ಈಗ ವರ್ಷಕ್ಕೊಮ್ಮೆ ಜುಲೈನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಅವುಗಳದೇ ಜಾತ್ರೆ. ಸ್ಪರ್ಧೆಗಳೂ ಉಂಟು, ಲಗಾಮು ಸರಿಯಾಗಿ ಕೂತಿದೆಯೇ, ಜೀನಿನ ಪಟ್ಟಿ ಸಡಿಲಾಗಿದೆಯೇ ಎಂದು ದೊಡ್ಡ ದೊಡ್ಡವರು ಬಗ್ಗಿ ನೋಡಿ ತೀರ್ಪು ಕೊಡುತ್ತಾರೆ. ರಜೆಗೆ ಬಂದವಳು ಒಂದು ಕುದುರೆ ಬಿಟ್ಟು, "ಮಾಮಾ, ಇದಕ್ಕೊಂದು ಜೀನ್ ಮಾಡಿಸಿಡ್ರಿ" ಎಂದು ವಿಮಾನ ಹತ್ತಿದಳು.

ಚಪ್ಪಲಿ ಹೊಲಿಯುವ ಕಾಕಾನ ಹತ್ತಿರ ಹೋದೆ.

"ಕುದರಿ ಎಲ್ಲದರಿ ಮಾಸ್ತರ್ರ? ಅಳತಿ ತಗೋಬೇಕಲ್ಲ."

ಕೈಚೀಲದಿಂದ ತೆಗೆದು ಅವನ ಕಲ್ಲಿನ ಮೇಲೆ ನಿಲ್ಲಿಸಿದೆ. ಕನ್ನಡಕ ಏರಿಸಿ, ಇಳಿಸಿ, ಸುತ್ತಲೂ ನೋಡಿದ.

"ಜೀನ ಆಮ್ಯಾಲ ನೋಡೋಣ್ರಿ. ಮದಲ ಇದಕ ಎರಡು ಜೋಡಿ ಚಪ್ಪಲಿ ಮಾಡಸ್ರಿ. ಪಾಪ, ಬರಿಗಾಲಾಗ ನಿಂತದ."

ನಕ್ಕು ಮುಗಿದ ಮೇಲೆ ಕೆಲಸ ಕಲಿಸಿದ. ಈ ಕುದುರೆ ನಿಜದ ಕುದುರೆಯ ಒಂಬತ್ತರಲ್ಲಿ ಒಂದು ಪಾಲು. ಅಂದರೆ ನಾಲ್ಕು ಮಿಲಿಮೀಟರ್ ದಪ್ಪದ ಜೀನಿನ ಚರ್ಮ ಇಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ ಇರಬೇಕು. ಚಪ್ಪಲಿಯ ಅಟ್ಟೆ ನಡೆಯುವುದಿಲ್ಲ. ಮೇಕೆಯ ಚರ್ಮ ಬೇಕು. ಅದನ್ನೂ ಕಲ್ಲಿನ ಮೇಲೆ ಒಳಮೈ ಮೇಲಾಗಿ ಹಾಸಿ, ರಂಪಿಗೆಯನ್ನು ಓರೆ ಹಿಡಿದು ಹೆರೆಯಬೇಕು. ಕಾಕಾ ಹೆರೆದರೆ ಸಿಪ್ಪೆ ಒಂದೇ ಸಮ ಸುರುಳಿಯಾಗಿ ಬರುತ್ತದೆ. ನಾನು ಹೆರೆದರೆ ತೂತು ಬರುತ್ತದೆ. ಆಮೇಲೆ ನೀರು ಸವರಿ, ಕುದುರೆಯ ಬೆನ್ನಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಚರ್ಮ ಒತ್ತಿ ನೆರಳಿಗಿಡಬೇಕು. ನೆರಳಿಗೆ! ನಮ್ಮ ಮೇ ತಿಂಗಳ ಬಿಸಿಲಿಗಿಟ್ಟರೆ ಜೀನು ಹೋಗಿ ಹಪ್ಪಳ.

ಮೂವತ್ತು ವರ್ಷ ಮಕ್ಕಳಿಗೆ ಒಂಬತ್ತರ ಮಗ್ಗಿ ಉರು ಹೊಡೆಸಿದವನ ಮೇಲೆ ಆ ಮಗ್ಗಿ ಈಗ ಸೇಡು ತೀರಿಸಿಕೊಂಡಿತು. ಹಳೆ ಕೈಗಡಿಯಾರದ ಪಟ್ಟಿಯ ಬಕಲ್ ಸಿಕ್ಕಿತೆಂದು ಹಿಗ್ಗಿದೆ. ಎರಡು ಸೆಂಟಿಮೀಟರ್. ಒಂಬತ್ತರಿಂದ ಗುಣಿಸಿದರೆ ಹದಿನೆಂಟು. ಅಷ್ಟಗಲದ ಬಕಲ್ ಹಾಕಿಕೊಂಡ ಕುದುರೆ ಯಾವ ಸೈನ್ಯದಲ್ಲೂ ಇರಲಿಕ್ಕಿಲ್ಲ. ಜೀನಿನಲ್ಲಿ ಇಂಚಿಗೆ ಎಂಟು ಹೊಲಿಗೆ ಎಂದರೆ ಇಲ್ಲಿ ಇಂಚಿಗೆ ಎಪ್ಪತ್ತೆರಡು. ಕಾಕಾ ಕೈಮುಗಿದ. ರಿಕಾಪಿಗೆ ಮಾತ್ರ ಪರದಾಡಲಿಲ್ಲ. ಭೀಮಾ ದಂಡೆಯ ಊರುಗಳಲ್ಲಿ ಸುಟ್ಟ ಪಂಪ್‌ಸೆಟ್ಟಿಗೆ ಬರವೇ? ವೈಂಡಿಂಗ್ ಅಂಗಡಿಯವನು ಹಳೆ ತಾಮ್ರದ ತಂತಿ ಪುಕ್ಕಟೆ ಕೊಟ್ಟ. ಲಗಾಮಿನ ಕಡಿವಾಣವೂ ಅದರಲ್ಲೇ ಆಯಿತು.

ಅಷ್ಟರಲ್ಲಿ ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬಂತು. ನನ್ನಾಕೆ ಎರೆಮಣ್ಣು ಕಲಸಿ ಕೂತಳು. ಸ್ಕೇಲಿಲ್ಲ, ಮಗ್ಗಿಯಿಲ್ಲ. ಹಿಣಿಲು ಕಾಲಿಗಿಂತ ದೊಡ್ಡದು, ಕೋಡು ಆಕಾಶಕ್ಕೆ, ಕಣ್ಣಿಗೆ ಗುಲಗಂಜಿ. ಕುಬಸದ ಚೂರು ಜೂಲಾಯಿತು, ಹೊಲಿಗೆ ದಾರ ಮೂಗುದಾಣವಾಯಿತು. ಮುಂದೆ ಮಣ್ಣಿನ ಗ್ವಾದಲಿ, ಅದರಲ್ಲಿ ನಾಲ್ಕು ಕಾಳು ಜೋಳ. ಮಧ್ಯಾಹ್ನದೊಳಗೆ ಪೂಜೆ, ಹೋಳಿಗೆ ಎಲ್ಲ ಮುಗಿಸಿ, "ಏನರಿ, ನಿಮ್ಮ ಕುದರಿ ಇನ್ನಾ ಬರಿ ಬೆನ್ನಲೇ ಅದನೂ?" ಎಂದು ಕೇಳಿದಳು. ಲೆಕ್ಸಿಂಗ್ಟನ್ನಿನ ತೀರ್ಪುಗಾರರು ಆ ಎತ್ತಿಗೆ ಸೊನ್ನೆ ಕೊಟ್ಟಾರು. ಅದರ ಮುಂದೆ ಊರೇ ಕೈಮುಗಿಯುತ್ತದೆ, ಆ ಮಾತು ಬೇರೆ.

ಕೊನೆಗೆ ನನ್ನ ಜೀನೂ ಆಯಿತು. ಆದರೆ ಕುದುರೆಯೆಂದರೆ ನಮ್ಮ ಕಡೆ ಮದುವೆ ಮೆರವಣಿಗೆಯದು, ಇಲ್ಲವೇ ಕುರಿಗಾರರದು. ಕುರಿಗಾರರ ಕುದುರೆಗೆ ಎಲ್ಲಿಯ ರಿಕಾಪು! ಬೆನ್ನ ಮೇಲೆ ಕಂಬಳಿ, ಗೋಣಿಚೀಲ, ಪಾತ್ರೆ, ಚೀಲದಿಂದ ಹಣಕಿ ನೋಡುವ ನಡೆಯಲಾರದ ಎಳೆ ಮರಿ. ಹಠಕ್ಕೆ ಬಿದ್ದು ಅದನ್ನೂ ಮಾಡಿದೆ. ಫೋಟೋ ನೋಡಿದ ತಂಗಿಯ ಮಗಳು, "ಮಾಮಾ, ಸ್ಪರ್ಧೆಗೆ ಇದನ್ನೇ ಇಡ್ತೀನಿ. ಆದ್ರ ಇಂಥಾದು ಖರೇನೇ ಅದ ಅಂತ ಅಲ್ಲಿ ಚೀಟಿ ಬರೆದಿಡಬೇಕು, ನಿಜವಾದ ಕುದುರೆ ಫೋಟೋ ಕಳಸ್ರಿ" ಎಂದಳು. ಕುರಿಗಾರನನ್ನು ಕೇಳಿದೆ. ಧಾರಾಳವಾಗಿ ಒಪ್ಪಿದ, ಒಂದೇ ಷರತ್ತು: "ಬಹುಮಾನ ಬಂದ್ರ ಕಪ್ ನಿಮ್ಮ ಕುದರಿಗಿ ಇರ್ಲಿ, ರೊಕ್ಕ ನನ್ನ ಕುದರಿಗಿ."

ಈಗ ಎರಡನೆಯ ಜೀನಿಗೆ ಕೈ ಹಾಕಿದ್ದೇನೆ. ಓದುಗರಲ್ಲಿ ವಿನಂತಿ: ಹರಿದ ಚರ್ಮದ ಪಾಕೀಟು, ಹಳೆ ಕೈಗವಸು ಇದ್ದರೆ ತಿಪ್ಪೆಗೆ ಎಸೆಯಬೇಡಿ, ಒಳಗಿನ ಚರ್ಮ ತೆಳ್ಳಗಿರುತ್ತದೆ, ನಮ್ಮಂಥವರಿಗೆ ಬೇಕು. ರೆಗ್ಜಿನ್ ಮಾತ್ರ ದಯವಿಟ್ಟು ಕೊಡಬೇಡಿ.